ಹನ್ನೊಂದು ಗಾಡಿಗಳ ಹೊಲಿಗೆ

ಮೂವತ್ತೊಂದು ವರ್ಷ ಗಾಡಿಗಳ ಸೀಟಿಗೆ ಕವರ್ ಹೊಲಿದುಕೊಂಡು ಬಂದ ಹೆಂಗಸನ್ನು ಜನ ಸೀಟಮ್ಮ ಎಂದು ಕರೆಯದೆ ಇನ್ನೇನೆಂದು ಕರೆದಾರು? ಅವಳ ನಿಜವಾದ ಹೆಸರು ಗೊತ್ತಿದ್ದದ್ದು ಮಗಳಿಗೆ ಮತ್ತು ಮತದಾರರ ಪಟ್ಟಿಗೆ ಮಾತ್ರ. ಅದಕ್ಕೆ ಅವಳೇನೂ ಬೇಸರಪಟ್ಟುಕೊಂಡವಳಲ್ಲ. ‘ನಿಮ್ಮ ಹೊಲಿಗೆ ಬಿಚ್ಚಿತು’ ಎಂದು ಯಾರಾದರೂ ಬಂದು ಹೇಳಿದ್ದರೆ ಬೇಸರವಾಗುತ್ತಿತ್ತು. ಹಾಗೆ ಹೇಳಿದವರು ಇದುವರೆಗೆ ಒಬ್ಬರೂ ಇರಲಿಲ್ಲ.

ಅವಳ ಕೆಲಸದ ರೀತಿಯೇ ಬೇರೆ. ಗಾಡಿ ಅಂಗಡಿಯ ಮುಂದೆ ನಿಂತ ಕೂಡಲೇ ಸೀಟಿನ ಮೇಲೆ ಕಂದು ಕಾಗದ ಹರಡಿ, ಅಂಗೈಯಿಂದ ಒತ್ತಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು ಅಚ್ಚು ಕತ್ತರಿಸುವಳು. ಅಚ್ಚಿನ ಮೇಲೆ ಗಾಡಿಯವರ ಕಸುಬು ಬರೆದು ಗೋಡೆಯ ಮೊಳೆಗೆ ತೂಗುಹಾಕುವಳು. ಒಂದನ್ನೂ ಎಸೆದವಳಲ್ಲ. ಕವರನ್ನು ಮೆಷಿನ್ನಿನಲ್ಲಿ ಮುಕ್ಕಾಲು ಹೊಲಿದು, ಸೀಟಿಗೆ ತೊಡಿಸಿ, ಬಾಗಿಲ ಕಡೆಯ ಪಕ್ಕವನ್ನು ಮಾತ್ರ ಗಾಡಿಯಲ್ಲೇ ಮಂಡಿಯೂರಿ ಮುಚ್ಚುವಳು. ಅದಕ್ಕೆ ಬಾಗಿದ ಸೂಜಿ, ಮೇಣ ಸವರಿದ ನೈಲಾನ್ ದಾರ, ಜೋಡಿ ಹೊಲಿಗೆ. ಹಾಗೆ ಮುಚ್ಚಿದ ಕವರನ್ನು ಕತ್ತರಿಸದೆ ತೆಗೆಯಲು ಯಾರಿಂದಲೂ ಆಗುತ್ತಿರಲಿಲ್ಲ. ಅದೇ ಅವಳ ಹೆಮ್ಮೆ.

ಎದುರಿನ ರೆಡಿಮೇಡ್ ಅಂಗಡಿಯವನ ಕವರುಗಳನ್ನು ಕಂಡರೆ ಅವಳು ಮೂಗು ಮುರಿಯುತ್ತಿದ್ದಳು. ಅವುಗಳ ಪಕ್ಕ ಒಂದು ಗೇಣಿಗಿಂತ ಹೆಚ್ಚು ತೆರೆದೇ ಇರುತ್ತಿತ್ತು. ‘ಬಟ್ಟೆ ಉಳಿಸೋಕೆ ಪಕ್ಕೆ ಬಿಟ್ಟಿದ್ದಾನೆ ನೋಡಿ, ಪುಣ್ಯಾತ್ಮ. ನಾಳೆ ಬೆನ್ನನ್ನೂ ಬಿಟ್ಟು ಬರೀ ಲಾಡಿ ಮಾರ್ತಾನೆ’ ಎಂದು ಗಿರಾಕಿಗಳನ್ನು ನಗಿಸುತ್ತಿದ್ದಳು. ಅವನೂ ಕೇಳಿಸಿಕೊಳ್ಳುತ್ತಿದ್ದ. ಕೇಳಿಸಲಿ ಎಂದೇ ಅವಳು ಹೇಳುತ್ತಿದ್ದದ್ದು.

ಹೀಗಿರುವಾಗ ಮಗಳು ಹೊಸ ಪಿಕಪ್ ತಂದಳು. ಮಗಳದು ಗಿಡಗಳ ನರ್ಸರಿ. ಮಣ್ಣು, ಗೊಬ್ಬರದ ಚೀಲ, ಕುಂಡ, ಒದ್ದೆ ಸಸಿಗಳನ್ನು ದಿನವೂ ಸಾಗಿಸಬೇಕು. ಹಿಂದೆ ತೆರೆದ ತೊಟ್ಟಿ, ಮುಂದೆ ಐದು ಜನಕ್ಕೆ ಸೀಟು, ಮೈ ತುಂಬ ಬೂದು ಬಣ್ಣ. ಮೈಲ್ಡ್ ಹೈಬ್ರಿಡ್ ಅಂತೆ.

‘ಹಾಗಂದ್ರೆ ಏನೇ? ಕರೆಂಟಿನ ಗಾಡಿನಾ?’

‘ಅಲ್ಲಮ್ಮ. ಡೀಸೆಲ್ಲೇ. ಎಂಜಿನ್ನಿಗೆ ಸಣ್ಣ ಬ್ಯಾಟರಿಯೊಂದು ಹೆಗಲು ಕೊಡುತ್ತೆ, ಅಷ್ಟೇ. ಬ್ರೇಕ್ ಹಾಕಿದಾಗ ಅದೇ ಚಾರ್ಜ್ ಆಗುತ್ತೆ.’

‘ಅರೆಬರೆ ಅನ್ನು.’

ಮೊದಲ ದಿನ ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ನಿನ ಸದ್ದು ಇದ್ದಕ್ಕಿದ್ದಂತೆ ನಿಂತುಹೋಯಿತು. ಸೀಟಮ್ಮನ ಜೀವ ಬಾಯಿಗೆ ಬಂತು. ‘ಹೋಯ್ತಲ್ಲೇ! ಇಳಿದು ತಳ್ಳಬೇಕೇನೋ’ ಎಂದು ಬಾಗಿಲಿಗೆ ಕೈ ಹಾಕಿದಳು. ಹಸಿರು ದೀಪ ಬಂತು, ಮಗಳು ಬ್ರೇಕಿನಿಂದ ಕಾಲು ತೆಗೆದಳು, ಗಾಡಿ ಏನೂ ಆಗದ ಹಾಗೆ ಹೊರಟಿತು. ಮಗಳು ಮನೆ ಸೇರುವವರೆಗೂ ನಕ್ಕಳು.

ಸೀಟಿನ ಬಟ್ಟೆ ತಿಳಿ ಬಣ್ಣದ್ದು. ಮಣ್ಣಿನ ಕೈಗಳ ಮಧ್ಯೆ ಅದು ಒಂದು ವಾರ ಬಾಳುತ್ತಿರಲಿಲ್ಲ. ಸೀಟಮ್ಮ ಅಂಗಡಿಗೆ ಎರಡು ದಿನ ರಜೆ ಹಾಕಿ ಕುಳಿತಳು. ಕಪ್ಪು ರೆಕ್ಸಿನ್, ಅಂಚಿಗುಂಟ ಇಟ್ಟಿಗೆ ಬಣ್ಣದ ಪೈಪಿಂಗ್. ಮಗಳ ಗಾಡಿಯೆಂದು ಜೋಡಿ ಹೊಲಿಗೆಯ ಮೇಲೆ ಇನ್ನೊಂದು ಸಾಲು. ಹಿಂದಿನ ಸೀಟಿನ ಕೆಳಗೂ ಮಣ್ಣು ನುಗ್ಗಬಾರದೆಂದು ನೆಲ ಮುಟ್ಟುವಷ್ಟು ಉದ್ದದ ಸೆರಗು ಬಿಟ್ಟು ಬಿಗಿದಳು. ಕೆಲಸ ಮುಗಿದಾಗ ತಾನೇ ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದಳು. ಚೆನ್ನಾಗಿತ್ತು. ಸುಳ್ಳು ಯಾಕೆ, ಬಹಳ ಚೆನ್ನಾಗಿತ್ತು.

ಮೂರನೆಯ ದಿನ ಮಧ್ಯಾಹ್ನ ಮಗಳು ಪಿಕಪ್ಪನ್ನು ಅಂಗಡಿಯ ಮುಂದೆ ತಂದು ನಿಲ್ಲಿಸಿದಳು. ಮೀಟರಿನ ಪಕ್ಕ ಹಳದಿ ದೀಪ ಉರಿಯುತ್ತಿತ್ತು. ಬ್ಯಾಟರಿ ಬಿಸಿಯಾಗಿದೆಯಂತೆ. ಮಗಳು ಗಾಡಿಯ ಜೊತೆ ಬಂದ ದಪ್ಪ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಹಾಳೆ ತಿರುವಿದಳು. ಬ್ಯಾಟರಿ ಇರುವುದು ಹಿಂದಿನ ಸೀಟಿನ ಕೆಳಗೆ. ಅದು ಉಸಿರಾಡುವುದು ಅಲ್ಲಿರುವ ಒಂದು ಜಾಲರಿಯಿಂದ. ಜಾಲರಿಯ ಬಾಯಿಗೆ ಸೀಟಮ್ಮನ ಸೆರಗು ಅಡ್ಡವಾಗಿ ಬಿಗಿದು ನಿಂತಿತ್ತು.

‘ಅಷ್ಟೇ ತಾನೇ?’ ಎಂದು ಸೀಟಮ್ಮ ಕತ್ತರಿ ತಂದು ಸೆರಗನ್ನು ಕರಕರ ಕತ್ತರಿಸಿದಳು. ಸ್ವಲ್ಪ ಹೊತ್ತಿಗೆ ದೀಪ ಆರಿತು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮಗಳು ಪುಸ್ತಕ ಮುಚ್ಚಲಿಲ್ಲ. ಮುಂದಿನ ಪುಟದಲ್ಲಿ ಒಂದು ಚಿತ್ರವಿತ್ತು: ಡ್ರೈವರ್ ಸೀಟು, ಅದರ ಮೇಲೆ ಕವರು, ಕವರಿನ ಮೇಲೆ ದೊಡ್ಡ ಕೆಂಪು ಗೀಟು.

‘ಅಮ್ಮ, ಇಲ್ಲಿ ನೋಡು. ಈ ಸೀಟಿನ ಪಕ್ಕದೊಳಗೆ ಏರ್‌ಬ್ಯಾಗ್ ಇದೆಯಂತೆ. ಯಾರಾದ್ರೂ ಪಕ್ಕದಿಂದ ಗುದ್ದಿದ್ರೆ ಸೀಟಿನ ಈ ಅಂಚು ಒಡೆದು ಅದು ಆಚೆ ಬರಬೇಕು. ಮುಚ್ಚಿ ಹೊಲಿದ್ರೆ ಬರೋಲ್ಲವಂತೆ. ಬಂದ್ರೂ ಅಡ್ಡಾದಿಡ್ಡಿ ಬರುತ್ತಂತೆ.’

‘ಏರ್‌ಬ್ಯಾಗ್ ಇರೋದು ಸ್ಟೀರಿಂಗಿನಲ್ಲಿ ಅಲ್ವೇನೇ?’

‘ಅಲ್ಲೂ ಇರುತ್ತೆ, ಇಲ್ಲೂ ಇರುತ್ತೆ. ಅದಕ್ಕೇ ಈ ಚೀಟಿ ಹೊಲಿದಿರ್ತಾರೆ ನೋಡು, ಸೀಟಿನ ಪಕ್ಕದಲ್ಲಿ.’

ಚೀಟಿ. ಬೆರಳಗಲದ ಆ ಚೀಟಿ ಸೀಟಮ್ಮನಿಗೆ ಗೊತ್ತಿತ್ತು. ಈಚೆಗೆ ಬರುವ ಕೆಲವು ಗಾಡಿಗಳಲ್ಲಿ ಕಾಣುತ್ತಿತ್ತು. ಗಾಡಿಯಲ್ಲಿ ಏರ್‌ಬ್ಯಾಗ್ ಇದೆ ಎಂದು ಜಂಬ ಕೊಚ್ಚಿಕೊಳ್ಳಲು ಕಂಪನಿಯವರು ಹಾಕಿದ ಜಾಹೀರಾತು ಎಂದುಕೊಂಡಿದ್ದಳು. ಕವರು ಕೂರಿಸುವಾಗ ಅದು ಉಬ್ಬಿ ಅಸಹ್ಯವಾಗಿ ಕಾಣುತ್ತದೆಂದು ಒಳಕ್ಕೆ ಮಡಚಿ ಮೇಲೆ ಹೊಲಿಗೆ ಹಾಕುತ್ತಿದ್ದಳು. ಮಡಚಬೇಕಾದ ಜಾಗ ಮರೆಯಬಾರದೆಂದು ಕಾಗದದ ಅಚ್ಚಿನ ಮೇಲೆ ನೀಲಿ ಚುಕ್ಕಿ ಇಟ್ಟಿರುತ್ತಿದ್ದಳು.

ಮಗಳು, ‘ನಮ್ಮದನ್ನ ಬಿಚ್ಚಿಬಿಡೋಣ, ಆಯ್ತಲ್ಲ’ ಎಂದಳು. ಸೀಟಮ್ಮ ಎದ್ದು ಗೋಡೆಯ ಹತ್ತಿರ ಹೋದಳು. ಅಚ್ಚುಗಳನ್ನು ಒಂದೊಂದಾಗಿ ಮೊಳೆಯಿಂದ ಇಳಿಸಿ ಬೆಳಕಿಗೆ ಹಿಡಿದಳು. ಸ್ಟೂಲಿನ ಮೇಲೆ ನೀಲಿ ಚುಕ್ಕಿಯ ಅಚ್ಚುಗಳು ಹತ್ತು ಸೇರಿದವು. ಮಗಳ ಪಿಕಪ್ಪಿನದು ಹನ್ನೊಂದನೆಯದು.

ಹನ್ನೊಂದು ಗಾಡಿ. ಆ ಹನ್ನೊಂದು ಗಾಡಿಗಳಲ್ಲಿ ದಿನವೂ ಕೂತು ಓಡಾಡುವ ಜನ. ಅವರ ಪಕ್ಕೆಗೆ ತಾನು ಎರಡು ಸಾಲು ನೈಲಾನ್ ಹಾಕಿ ಬೀಗ ಜಡಿದಿದ್ದೇನೆ ಎಂಬುದು ಅರ್ಥವಾದಾಗ ಸೀಟಮ್ಮ ಸ್ಟೂಲು ಹಿಡಿದು ಕೂತುಬಿಟ್ಟಳು. ಮಗಳು ನೀರು ತಂದುಕೊಟ್ಟಳು. ಅರ್ಧ ಕುಡಿದು ಲೋಟ ಕೆಳಗಿಟ್ಟಳು.

‘ಫೋನ್ ಮಾಡಿ ಹೇಳಿದ್ರೆ ಸಾಕಲ್ವಾ ಅಮ್ಮ? ಅವರೇ ಬಿಚ್ಚಿಸ್ಕೋತಾರೆ.’

‘ಬಿಚ್ಚಿಸ್ಕೊಳ್ಳೋಲ್ಲ ಕಣೇ. ಇವತ್ತು ನಾಳೆ ಅಂತಾರೆ. ನಾನೇ ಹೋಗಬೇಕು. ನೀನು ಗಾಡಿ ಓಡಿಸು.’

‘ಜನ ಏನಂತಾರೆ?’

‘ಏನಾದ್ರೂ ಅನ್ನಲಿ. ಬದುಕಿದ್ರೆ ತಾನೇ ಅನ್ನೋದು.’

ಹೊರಡುವ ಮುಂಚೆ ಇನ್ನೊಂದು ಕೆಲಸವಿತ್ತು, ಅದು ಕಹಿ ಮಾತ್ರೆ. ಎಷ್ಟು ಬಿಡಬೇಕು, ಎಲ್ಲಿಂದ ಎಲ್ಲಿಗೆ ಬಿಡಬೇಕು, ಅಂಚು ಹೇಗೆ ಮಡಚಬೇಕು ಎಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದವನು ರಸ್ತೆಯ ಆಚೆ ಇದ್ದ. ಸೀಟಮ್ಮ ಸೆರಗು ಸರಿಮಾಡಿಕೊಂಡು ರಸ್ತೆ ದಾಟಿದಳು. ಆ ಅಂಗಡಿ ತೆರೆದ ಹತ್ತು ವರ್ಷದಲ್ಲಿ ಇದೇ ಮೊದಲು.

ರೆಡಿಮೇಡ್ ಅಂಗಡಿಯವನು ಕುರ್ಚಿಯಿಂದ ಏಳುವುದನ್ನೇ ಮರೆತು ನೋಡಿದ. ಅವಳು ಸುತ್ತಿ ಬಳಸಿ ಮಾತಾಡಲಿಲ್ಲ. ‘ನಿಮ್ಮ ಕವರಿನ ಪಕ್ಕ ಬಿಟ್ಟಿರೋದು ಯಾಕೆ ಅಂತ ಇವತ್ತು ಗೊತ್ತಾಯ್ತು. ನಾನು ಆಡಿಕೊಂಡದ್ದು ತಪ್ಪು. ಎಷ್ಟು ಬಿಡಬೇಕು ತೋರಿಸಿ.’

ಚುಚ್ಚು ಮಾತು ಬರುತ್ತದೆಂದು ಅವಳು ಹಲ್ಲು ಕಚ್ಚಿ ನಿಂತಳು. ಬಂತು ಕೂಡ.

‘ಹತ್ತು ವರ್ಷ ನನ್ನ ಮಾಲನ್ನ ಪಕ್ಕೆ ಹರಿದದ್ದು ಅಂತ ಊರಿಗೆಲ್ಲ ಹೇಳಿದ್ರಿ ಸೀಟಮ್ಮ. ಅವತ್ತೇ ಬಂದು ಕೇಳಿದ್ರೆ ಅವತ್ತೇ ಹೇಳ್ತಿದ್ದೆ.’

‘ನೀವಾದ್ರೂ ಕೂಗಿ ಹೇಳಬಹುದಿತ್ತಲ್ಲ?’

‘ನೀವು ಕೇಳೋ ಪೈಕಿನಾ?’

ಅದು ನಿಜ. ಅವಳು ಕೇಳುವ ಪೈಕಿಯಲ್ಲ. ಅವನು ಎದ್ದು ಒಂದು ಕವರನ್ನು ಪೊಟ್ಟಣದಿಂದ ಬಿಡಿಸಿ ಮೇಜಿನ ಮೇಲೆ ಹರಡಿದ. ಭುಜದಿಂದ ಸೊಂಟದವರೆಗೆ ತೆರೆದ ಜಾಗವನ್ನು ಬೆರಳಿಟ್ಟು ತೋರಿಸಿದ, ಅಂಚಿನ ಮಡಿಕೆ ತೋರಿಸಿದ. ಗೊತ್ತಿಲ್ಲದ ಮಾದರಿಯ ಗಾಡಿ ಸಿಕ್ಕಿದರೆ ಊಹೆ ಮಾಡದೆ ಪಕ್ಕವನ್ನು ಪೂರ್ತಿ ಬಿಟ್ಟುಬಿಡಿ ಎಂದ. ಕೊನೆಗೆ ಚಹಾ ಬೇಕಾ ಎಂದೂ ಕೇಳಿದ. ಸೀಟಮ್ಮ ನಿಂತುಕೊಂಡೇ ಕುಡಿದಳು.

ಮೊದಲು ಹೋದದ್ದು ಟ್ಯಾಕ್ಸಿ ನಿಲ್ದಾಣಕ್ಕೆ. ಟ್ಯಾಕ್ಸಿಯವನು ಅವಳನ್ನು ಕಂಡು, ‘ಬನ್ನಿ ಬನ್ನಿ, ನಿಮ್ಮ ಹೊಲಿಗೆ ಇನ್ನೂ ಕಲ್ಲಿನ ಹಾಗಿದೆ’ ಎಂದು ಸೀಟಿನ ಮೇಲೆ ತಟ್ಟಿ ತೋರಿಸಿದ. ಆ ಮಾತಿಗೆ ಅವಳ ಧೈರ್ಯ ಜಾರಿತು.

‘ಅದು ಏನಾಗಿದೆ ಅಂದ್ರೆ, ಈಗ ಹೊಸ ರೂಲ್ಸ್ ಬಂದಿದೆ. ಪಕ್ಕ ಬಿಚ್ಚಬೇಕಂತೆ’ ಎಂದಳು.

‘ರೂಲ್ಸಾ? ಯಾವ ಪೊಲೀಸೂ ಕೇಳಿಲ್ಲ ನನ್ನ. ಕೇಳಿದಾಗ ನೋಡ್ಕೊಳ್ಳೋಣ ಬಿಡಿ’ ಎಂದು ಅವನು ಬಾಡಿಗೆ ಹಿಡಿದು ಹೊರಟೇಬಿಟ್ಟ.

ಪಿಕಪ್ಪಿಗೆ ಬಂದು ಕೂತಾಗ ಮಗಳು ಎಂಜಿನ್ ಚಾಲೂ ಮಾಡಲಿಲ್ಲ.

‘ರೂಲ್ಸ್ ಅಂದೆ.’

‘ಹೂಂ.’

‘ತಪ್ಪಾಯ್ತು ಅಂತ ನೀನು ಹೇಳದಿದ್ರೆ ಅವರಿಗೆ ಭಯ ಹುಟ್ಟೋಲ್ಲ ಅಮ್ಮ. ಸೀಟಮ್ಮ ತಪ್ಪು ಮಾಡಿದ್ಳು ಅಂದ್ರೆ ಮಾತ್ರ ಅವರು ಬೆಚ್ಚಿಬೀಳೋದು.’

ಸೀಟಮ್ಮನಿಗೆ ನಾಚಿಕೆಯಾಯಿತು. ಹೊಟ್ಟೆಯಲ್ಲಿ ಹುಟ್ಟಿದವಳಿಂದ ಹೇಳಿಸಿಕೊಳ್ಳಬೇಕಾಯಿತಲ್ಲ ಎಂದು ಸಿಟ್ಟೂ ಬಂತು. ಆದರೆ ಸಿಟ್ಟು ಮಾಡಿಕೊಳ್ಳಲು ಹೊತ್ತಿರಲಿಲ್ಲ. ಟ್ಯಾಕ್ಸಿಯವನು ತಿರುಗಿ ಬರುವವರೆಗೆ ಇಬ್ಬರೂ ಅಲ್ಲೇ ಕಾದರು. ಅವನು ಬಂದ ಕೂಡಲೇ ಅವಳು ಇಳಿದು ಹೋಗಿ ಅವನ ಬಾಗಿಲು ಹಿಡಿದುಕೊಂಡಳು.

‘ರೂಲ್ಸೂ ಇಲ್ಲ, ಗೀಲ್ಸೂ ಇಲ್ಲ. ನಾನು ತಪ್ಪು ಹೊಲಿದಿದ್ದೀನಿ. ಗಾಡಿಗೆ ಪಕ್ಕದಿಂದ ಏಟು ಬಿದ್ರೆ ನಿನ್ನನ್ನ ಉಳಿಸಬೇಕಾದ ಚೀಲಾನ ನನ್ನ ದಾರ ಹಿಡಿದು ನಿಲ್ಲಿಸುತ್ತೆ. ಬಿಚ್ಚೋ ತನಕ ನಾನು ಇಲ್ಲಿಂದ ಕದಲೋಲ್ಲ.’

ಟ್ಯಾಕ್ಸಿಯವನ ನಗು ಅಲ್ಲೇ ನಿಂತಿತು. ತಾನೇ ಸೀಟಿನಿಂದ ಇಳಿದ.

ಅಲ್ಲಿಂದ ಮುಂದೆ ಅವಳು ಎಲ್ಲ ಕಡೆಯೂ ಅದೇ ಮಾತು ಹೇಳಿದಳು. ಗಿರಾಕಿಗಳಲ್ಲೊಬ್ಬಳಾದ ನರ್ಸ್, ಆಸ್ಪತ್ರೆಯ ಹಿಂದಿನ ಗಾಡಿ ನಿಲ್ಲಿಸುವ ಜಾಗಕ್ಕೆ ಕೀ ಕಳಿಸಿ, ‘ಬೇಗ ಬಿಚ್ಚಿ, ಆಕ್ಸಿಡೆಂಟ್ ಆದೋರನ್ನ ದಿನಾ ಎಷ್ಟು ಜನಾನ ನೋಡ್ತೀನಿ ನಾನು’ ಎಂದು ಹೇಳಿಕಳಿಸಿದಳು. ಹಾಲಿನವನು ಗೊಣಗಿದ. ಡ್ರೈವಿಂಗ್ ಕಲಿಸುವ ಮೇಷ್ಟರು ಶಿಷ್ಯರ ಎದುರಿಗೇ ಅವಳಿಗೆ ಕಾಲು ಗಂಟೆ ಬುದ್ಧಿ ಹೇಳಿದರು. ಅವಳು ಸೀಟಿನ ಪಕ್ಕ ಮಂಡಿಯೂರಿ, ‘ಹೌದು ಮೇಷ್ಟ್ರೇ, ಹೌದು ಮೇಷ್ಟ್ರೇ’ ಎನ್ನುತ್ತ ದಾರ ಕೀಳುತ್ತಿದ್ದಳು. ಬೇಕರಿಯವರ ಹೆಂಡತಿ ಮಾತ್ರ, ‘ಇನ್ನು ಮೇಲೆ ನಿಮ್ಮ ಹತ್ತಿರ ಹೊಲಿಸೋಲ್ಲ’ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದರು. ಅದು ನಾಟಿತು. ಆದರೂ ಅವರ ಗಾಡಿಯ ಎರಡನೆಯ ಸೀಟನ್ನೂ ಮುಗಿಸಿಯೇ ಎದ್ದಳು. ಮೂರು ದಿನದಲ್ಲಿ ಬೆರಳ ತುದಿಗಳು ಬಿರುಕು ಬಿಟ್ಟವು. ಮಗಳು ನರ್ಸರಿಯ ಕೆಲಸವನ್ನು ಬೆಳಗಿನ ಜಾವವೇ ಮುಗಿಸಿ ಬರುತ್ತಿದ್ದಳು. ಪಿಕಪ್ಪಿನದನ್ನು ಅವಳೇ ಬಿಚ್ಚಿಬಿಟ್ಟಿದ್ದಳು.

ನಾಲ್ಕನೆಯ ದಿನಕ್ಕೆ ಉಳಿದದ್ದು ಒಂದೇ ಅಚ್ಚು. ಅದರ ಮೇಲೆ ‘ಸರ್ವೆ ಸಾಹೇಬರು’ ಎಂದು ಬರೆದಿತ್ತು. ಜಮೀನು ಅಳೆಯುವ ಇಲಾಖೆಯಿಂದ ನಿವೃತ್ತರಾದವರು. ಕವರಿಗೆ ಬಣ್ಣ ಆರಿಸಲು ಅವರ ಹೆಂಡತಿ ಸೀಟಮ್ಮನ ಅಂಗಡಿಯಲ್ಲಿ ಅರ್ಧ ದಿನ ಕೂತು, ರಜಕ್ಕೆ ಬರುವ ಮೊಮ್ಮಗಳ ಸುದ್ದಿ ಹೇಳುತ್ತ, ಎಲ್ಲ ರೆಕ್ಸಿನ್ ತುಂಡುಗಳನ್ನೂ ಕೈಯಲ್ಲಿ ಸವರಿ ನೋಡಿ, ಎಲೆ ಹಸಿರಿಗೆ ಕೆನೆ ಬಣ್ಣದ ಪೈಪಿಂಗ್ ಎಂದು ತೀರ್ಮಾನಿಸಿದ್ದರು. ಆಕೆ ತೀರಿಕೊಂಡು ಒಂದು ವರ್ಷವಾಗಿತ್ತು.

ಸಾಹೇಬರು ಸೀಟಮ್ಮನ ಮಾತನ್ನು ಪೂರ್ತಿ ಕೇಳಿದರು. ‘ಡ್ರೈವರ್ ಸೀಟು ಬಿಚ್ಚಿಕೊಳ್ಳಿ. ಆ ಕಡೆಯದನ್ನ ಮುಟ್ಟಬೇಡಿ’ ಎಂದರು.

‘ಎರಡಕ್ಕೂ ಒಂದೇ ಹೊಲಿಗೆ ಸಾಹೇಬರೇ.’

‘ಅದು ಅವಳ ಸೀಟು. ಅಲ್ಲಿ ಯಾರೂ ಕೂರೋಲ್ಲ. ಯಾರೂ ಕೂರದ ಮೇಲೆ ಬಿಚ್ಚೋದು ಯಾಕೆ?’

ಸೀಟಮ್ಮ ಡ್ರೈವರ್ ಸೀಟನ್ನು ಬಿಚ್ಚಿದಳು. ಸಾಹೇಬರು ಅಂಗಳದಲ್ಲೇ ಕುರ್ಚಿ ಹಾಕಿಕೊಂಡು ಕಾವಲು ಕೂತಿದ್ದರು. ಕೆಲಸ ಮುಗಿಸಿ ಎದ್ದವಳು ಅವರ ಮುಂದೆ ಬಂದು ನಿಂತಳು.

‘ಒಂದು ಮಾತು ಕೊಡಿ, ಹೊರಟುಹೋಗ್ತೀನಿ. ಆ ಸೀಟಿನಲ್ಲಿ ಯಾವತ್ತೂ ಯಾರನ್ನೂ ಕೂರಿಸೋಲ್ಲ ಅಂತ. ರಜಕ್ಕೆ ಬರೋ ಮೊಮ್ಮಗಳನ್ನೂ ಸೇರಿಸಿ.’

‘ಅವಳು ಹಿಂದೆ ಕೂರ್ತಾಳೆ’ ಎಂದರು ಸಾಹೇಬರು.

‘ದೊಡ್ಡವಳಾದ ಮೇಲೂ?’

‘ಸೀಟಮ್ಮ, ನೀವಿನ್ನು ಹೊರಡಿ.’

ಗೇಟಿನ ಹತ್ತಿರ ನಿಂತಿದ್ದ ಮಗಳು, ‘ಸಾಕು, ಬಾಮ್ಮ’ ಎಂದು ಸನ್ನೆ ಮಾಡಿದಳು. ಸೀಟಮ್ಮ ಹೋಗಲಿಲ್ಲ. ಗಾಡಿಯನ್ನು ಸುತ್ತಿ ಬಂದು, ಆ ಕಡೆಯ ಬಾಗಿಲು ತೆಗೆದು, ಒಂದು ವರ್ಷದಿಂದ ಯಾರೂ ಕೂರದ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡಳು.

ಸಾಹೇಬರು ಕುರ್ಚಿಯಿಂದ ಎದ್ದೇ ಬಂದರು. ‘ಏನಿದು?’

‘ಬಿಚ್ಚೋದು ಬೇಡ ಅಂದ್ರಲ್ಲ. ಆಯ್ತು. ಹೊಲಿದವಳು ನಾನು, ಮೊದಲು ನಾನೇ ಕೂರ್ತೀನಿ. ಒಂದು ಸುತ್ತು ಓಡಿಸಿ. ವಾಪಸ್ ಬಂದ ಮೇಲೂ ಬೇಡ ಅಂದ್ರೆ ನಾನು ಇನ್ನು ನಿಮ್ಮ ಗೇಟು ಮುಟ್ಟೋಲ್ಲ.’

ಸಿಟ್ಟಿನಿಂದಲೇ ಸಾಹೇಬರು ಕೀ ತಿರುಗಿಸಿದರು. ಗಾಡಿ ಬೀದಿಗೆ ಇಳಿಯಿತು. ಸೀಟಮ್ಮನ ತೋಳಿಗೆ ತನ್ನ ಹೊಲಿಗೆ ಒತ್ತುತ್ತಿತ್ತು. ಕೂದಲೆಳೆಯಷ್ಟೂ ಸಡಿಲವಿಲ್ಲದ ಹೊಲಿಗೆ. ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ ಅದು ಅಷ್ಟು ಗಟ್ಟಿಯಾಗಿರುವುದಕ್ಕೆ ಅವಳಿಗೆ ಹೆದರಿಕೆಯಾಯಿತು. ಕಣ್ಣು ಮುಚ್ಚಬೇಕೆನಿಸಿತು. ಮುಚ್ಚಲಿಲ್ಲ, ರಸ್ತೆ ನೋಡುತ್ತ ಕೂತಳು.

ಮೂಲೆಯ ಔಷಧಿ ಅಂಗಡಿ ದಾಟಿದ್ದೇ ತಡ, ಪಕ್ಕದ ಓಣಿಯಿಂದ ಸರಕಿನ ಗಾಡಿಯೊಂದು ಹಾರ್ನ್ ಕೂಡ ಮಾಡದೆ ಮೂತಿ ತೂರಿಸಿತು. ಸೀಟಮ್ಮನ ಬಾಗಿಲಿನ ನೇರಕ್ಕೇ. ಸಾಹೇಬರು ಬ್ರೇಕ್ ತುಳಿದರು. ಅವರ ಒಂದು ಕೈ ಸ್ಟೀರಿಂಗ್ ಬಿಟ್ಟು ತಾನಾಗಿಯೇ ಚಾಚಿ ಸೀಟಮ್ಮನ ಎದೆಗೆ ಅಡ್ಡ ನಿಂತಿತು. ಸರಕಿನ ಗಾಡಿಯೂ ಒಂದು ಮಾರು ದೂರದಲ್ಲಿ ನಿಂತಿತು. ಅದರ ಡ್ರೈವರ್ ಕೈಯೆತ್ತಿ ಕ್ಷಮೆ ಕೇಳಿ ಹಿಂದಕ್ಕೆ ಸರಿದ.

ಸಾಹೇಬರು ಕೈ ತೆಗೆಯುವುದನ್ನು ಮರೆತಿದ್ದರು. ನೆನಪಾದ ಮೇಲೆ ಎಳೆದುಕೊಂಡು ಅದನ್ನೇ ನೋಡುತ್ತ ಕೂತರು.

‘ಅವಳಿಗೂ ಹೀಗೇ ಅಡ್ಡ ಹಿಡೀತಿದ್ದೆ’ ಎಂದರು. ‘ನಲವತ್ತು ವರ್ಷ. ಬೈತಿದ್ಳು. ನಿಮ್ಮ ಕೈ ಏನು ಗೋಡೆನಾ ಅಂತ.’



ಸಾಹೇಬರು ಗಾಡಿಯನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿ ಕೀ ತೆಗೆದರು. ‘ಬಿಚ್ಚಿ ಸೀಟಮ್ಮ.’

‘ಮನೆಗೆ ಹೋಗಿ ಬಿಚ್ತೀನಿ, ಇಲ್ಲಿ ಬಿಸಿಲು.’

‘ಬೇಡ. ಇಲ್ಲೇ ಬಿಚ್ಚಿ. ಹಾಗೇ ಇಟ್ಟುಕೊಂಡು ನಾನು ಇನ್ನೊಂದು ಹೆಜ್ಜೆ ಓಡಿಸೋಲ್ಲ.’

ಅವಳು ಇಳಿದು ರಸ್ತೆಯ ಅಂಚಿನಲ್ಲಿ ಮಂಡಿಯೂರಿದಳು. ಬೇರೆ ಗಾಡಿಗಳಲ್ಲಿ ಬ್ಲೇಡು ಎಳೆದು ಹತ್ತು ನಿಮಿಷದಲ್ಲಿ ಮುಗಿಸಿದ್ದ ಕೆಲಸವಿದು. ಇಲ್ಲಿ ಬ್ಲೇಡನ್ನು ಚೀಲದಿಂದ ತೆಗೆಯಲೇ ಇಲ್ಲ. ಸೂಜಿಯ ಮೊನೆಯಿಂದ ಒಂದೊಂದೇ ಹೊಲಿಗೆಯನ್ನು ಎತ್ತಿ, ಹಸಿರು ರೆಕ್ಸಿನ್ನಿಗೆ ಗೀರೂ ಬೀಳದಂತೆ, ಕೆನೆ ಪೈಪಿಂಗಿನ ಒಂದು ಎಳೆಯೂ ಕೀಳದಂತೆ ಬಿಡಿಸಿದಳು. ಸಾಹೇಬರು ಪಕ್ಕದಲ್ಲಿ ನಿಂತು ಅಂದಿನ ಪತ್ರಿಕೆಯನ್ನು ಅವಳ ತಲೆಯ ಮೇಲೆ ನೆರಳಿಗೆ ಹಿಡಿದರು. ಹಾದುಹೋಗುವವರು ತಿರುಗಿ ತಿರುಗಿ ನೋಡಿದರು.

‘ಇಷ್ಟು ಗಟ್ಟಿಯಾಗಿ ಯಾರಾದ್ರೂ ಹೊಲೀತಾರಾ?’ ಎಂದರು ಸಾಹೇಬರು, ಅರ್ಧ ಗಂಟೆಯ ಮೇಲೆ.

‘ಹೊಲೀತಾರೆ, ನನ್ನಂಥವರು’ ಎಂದಳು ಸೀಟಮ್ಮ, ತಲೆ ಎತ್ತದೆ.

ಕೊನೆಯ ಗಂಟು ಬಿಡಿಸಿ, ಅಂಚನ್ನು ಒಳಕ್ಕೆ ಮಡಚಿ ಸಿಕ್ಕಿಸಿ, ದಾರದ ಚೂರುಗಳನ್ನು ಆಯ್ದು ಚೀಲಕ್ಕೆ ಹಾಕಿಕೊಂಡಳು. ಏಳುವಾಗ ಮಂಡಿ ಹಿಡಿದುಕೊಂಡಿತು. ಸಾಹೇಬರು ಕೈ ಕೊಟ್ಟು ಎಬ್ಬಿಸಿದರು. ಅವಳು ಸೀರೆಯ ಧೂಳು ಕೊಡವಿಕೊಂಡು, ಮುಂದಿನ ಬಾಗಿಲನ್ನು ಮೆಲ್ಲಗೆ ಮುಚ್ಚಿ, ಹಿಂದಿನ ಬಾಗಿಲಿಗೆ ಕೈ ಹಾಕಿದಳು.

‘ಹಿಂದೆ ಯಾಕೆ ಸೀಟಮ್ಮ?’ ಎಂದರು ಸಾಹೇಬರು. ‘ಮುಂದೆ ಕೂತ್ಕೊಳ್ಳಿ.’